ನಮ್ಮ ಕಾಲೇಜಿಗೊಂದು ರೈಲು ಬಳಗ ಬೇಕು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿಯ ಅಭಿಪ್ರಾಯ

ಬಾಗಲಕೋಟೆ ರೈಲು ನಿಲ್ದಾಣ ಈಗ ಹೊಸದಾಗಿದೆ. ಅಮೃತ ಭಾರತ ನಿಲ್ದಾಣ ಯೋಜನೆಯಲ್ಲಿ ಸಿದ್ಧವಾದ ದೇಶದ 103 ನಿಲ್ದಾಣಗಳನ್ನು ಪ್ರಧಾನಿಯವರು 2025ರ ಮೇ 22ರಂದು ಉದ್ಘಾಟಿಸಿದರು. ಅವುಗಳಲ್ಲಿ ಕರ್ನಾಟಕದ್ದು ಐದು: ಧಾರವಾಡ, ಗದಗ, ಗೋಕಾಕ ರೋಡ್, ಮುನಿರಾಬಾದ್ ಮತ್ತು ನಮ್ಮ ಬಾಗಲಕೋಟೆ. ನಮ್ಮಲ್ಲಿ ಬಹಳ ಜನ ಅಲ್ಲಿಗೆ ಹೋಗಿ ಫೋಟೊ ತೆಗೆಸಿಕೊಂಡಿದ್ದೇವೆ, ಸ್ಟೇಟಸ್ಸಿಗೂ ಹಾಕಿದ್ದೇವೆ. ಸಂತೋಷದ ಸಂಗತಿಯೇ. ಚೆನ್ನಾಗಿರುವ ನಿಲ್ದಾಣ ಯಾರಿಗೆ ಬೇಡ?

ನನ್ನ ಪ್ರಶ್ನೆ ಹೊಸದರ ಬಗ್ಗೆ ಅಲ್ಲ, ಹಳೆಯದರ ಬಗ್ಗೆ. ಈ ಊರಿಗೆ ರೈಲು ಬಂದು 140 ವರ್ಷ ಆಗಿದೆ. ಇಷ್ಟು ವರ್ಷಗಳ ನೆನಪು ಈಗ ಎಲ್ಲಿದೆ? ಹಳೆಯ ದೀಪಗಳು, ಗಂಟೆಗಳು, ರಟ್ಟಿನ ಟಿಕೆಟ್ಟುಗಳು, ಕೈಬರಹದ ರಿಜಿಸ್ಟರುಗಳು ಏನಾದವು? ಎಲ್ಲಕ್ಕಿಂತ ಮುಖ್ಯವಾಗಿ, ಆ ಗಾಡಿಗಳನ್ನು ನಡೆಸಿದ ಜನ ಏನು ಹೇಳುತ್ತಾರೆ? ಇದನ್ನು ಬರೆದಿಡುವ ಕೆಲಸವನ್ನು ನಮ್ಮ ಕಾಲೇಜು ಕೈಗೆತ್ತಿಕೊಳ್ಳಬೇಕು, ಅದಕ್ಕಾಗಿ ಒಂದು ರೈಲು ಬಳಗ ಕಟ್ಟಬೇಕು ಎಂಬುದು ನನ್ನ ವಾದ. ಕ್ರಿಕೆಟ್ ತಂಡ ಇದೆ, ಎನ್‌ಎಸ್‌ಎಸ್ ಇದೆ, ಇದೂ ಒಂದು ಇರಲಿ.

ಮೊದಲು ಸ್ವಲ್ಪ ಇತಿಹಾಸ. 1876–78ರಲ್ಲಿ ನಮ್ಮ ಭಾಗದಲ್ಲಿ ಭೀಕರ ಬರ ಬಿತ್ತು. ಬೇರೆ ಕಡೆ ಧಾನ್ಯ ಇದ್ದರೂ ಇಲ್ಲಿಗೆ ತರಲು ದಾರಿ ಇರಲಿಲ್ಲ. ಎತ್ತಿನ ಬಂಡಿಯಲ್ಲಿ ತರಬೇಕೆಂದರೆ ಎತ್ತಿಗೇ ಮೇವಿಲ್ಲ, ನೀರಿಲ್ಲ. ಆ ಬರದ ನಂತರ, ಬರಪೀಡಿತ ಜಿಲ್ಲೆಗಳಿಗೆ ಧಾನ್ಯ ಮುಟ್ಟಿಸುವ ಮಾರ್ಗಗಳ ಅವಶ್ಯಕತೆ ಸರ್ಕಾರಕ್ಕೆ ಮನವರಿಕೆಯಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಸೊಲ್ಲಾಪುರದ ಬಳಿಯ ಹೊಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ಮೂಲಕ ಗದಗಿನವರೆಗೆ ಗಾಡಿ ಓಡಿತು. ಅದು ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್ ಅಂತರ. ಈಗಿನ ಬ್ರಾಡ್ ಗೇಜ್ 1676 ಮಿಲಿಮೀಟರ್. ಸಣ್ಣ ಗೇಜ್ ಹಾಕಿದರೆ ಖರ್ಚು ಕಡಿಮೆ ಎಂಬುದು ಅಂದಿನ ಲೆಕ್ಕ.

ಈ ಹಳಿ ನಮ್ಮ ಜಿಲ್ಲೆಯ ನಕಾಶೆಯನ್ನೇ ಬದಲಿಸಿತು. ಆಗ ನಮ್ಮ ಜಿಲ್ಲೆಯ ಹೆಸರು ಕಲಾದಗಿ ಜಿಲ್ಲೆ, ಜಿಲ್ಲಾ ಕೇಂದ್ರವೂ ಕಲಾದಗಿಯೇ. ರೈಲು ಕಲಾದಗಿಗೆ ಹೋಗಲಿಲ್ಲ, ವಿಜಯಪುರಕ್ಕೆ ಹೋಯಿತು. ಮರುವರ್ಷವೇ, 1885ರಲ್ಲಿ, ಜಿಲ್ಲಾ ಕೇಂದ್ರವೂ ಅಲ್ಲಿಗೆ ಹೋಯಿತು. ಈಗ ಬಾಗಲಕೋಟೆ–ಕುಡಚಿ ಮಾರ್ಗದ ಕೆಲಸ ನಡೆದು ಹಳಿ ಕಲಾದಗಿ ಸಮೀಪದ ಖಜ್ಜಿಡೋಣಿ ದಾಟಿದೆ. ಒಂದು ಊರಿನ ಹತ್ತಿರಕ್ಕೆ ರೈಲು ಬರಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಇದನ್ನು ನಾವು ಯಾವ ತರಗತಿಯಲ್ಲಿ ಓದಿದ್ದೇವೆ? ಪಾಣಿಪತ್ ಯುದ್ಧಗಳ ಇಸವಿಗಳು ನಮಗೆ ಬಾಯಿಪಾಠ. ನಮ್ಮ ಊರಿನ ಹಳಿಯ ಇಸವಿ ಗೊತ್ತಿಲ್ಲ.

ಕಂಪನಿಯ ಹೆಸರೂ ಬದಲಾಗುತ್ತಾ ಬಂತು. 1908ರಲ್ಲಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ಹುಬ್ಬಳ್ಳಿ ಕೇಂದ್ರವಾಗಿ ನೈರುತ್ಯ ರೈಲ್ವೆ. ಒಂದೇ ಹಳಿಗೆ ಐದು ಹೆಸರು. ಹಳೆಯ ಕಬ್ಬಿಣದ ಸಾಮಾನಿನ ಮೇಲೆ ಯಾವ ಅಕ್ಷರಗಳಿವೆ ಎಂದು ನೋಡಿದರೆ ಅದು ಯಾವ ಕಾಲದ್ದು ಎಂದು ಅಂದಾಜು ಮಾಡಬಹುದು.

1992ರಲ್ಲಿ ದೇಶದ ಎಲ್ಲ ಮುಖ್ಯ ಮಾರ್ಗಗಳನ್ನು ಬ್ರಾಡ್ ಗೇಜ್ ಮಾಡುವ ಏಕರೂಪ ಗೇಜ್ ಯೋಜನೆ ಶುರುವಾಯಿತು. ನಮ್ಮ ಮಾರ್ಗವೂ ಹಂತ ಹಂತವಾಗಿ ಬದಲಾಯಿತು. ಈಗ ಮೇಲೆ ವಿದ್ಯುತ್ ತಂತಿ ಬಂದಿದೆ. ಗದಗ–ಹೊಟಗಿ ನಡುವಿನ 284 ಕಿಲೋಮೀಟರಿಗೆ ಜೋಡಿ ಹಳಿಯ ಯೋಜನೆ ಮಂಜೂರಾಗಿ ಕೆಲಸ ನಡೆದಿದೆ. ನಮ್ಮ ತಲೆಮಾರಿನವರು ಮೀಟರ್ ಗೇಜ್ ಗಾಡಿಯನ್ನು ಇಲ್ಲಿ ಕಣ್ಣಿಂದ ನೋಡಿಲ್ಲ. ನೋಡಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಇನ್ನು ಎಷ್ಟು ವರ್ಷ ಇರುತ್ತಾರೆ ಎಂಬುದೇ ಪ್ರಶ್ನೆ.

ನನ್ನ ನಾನಿ ಮದುವೆಯಾಗಿ ವಿಜಯಪುರದಿಂದ ಬಾಗಲಕೋಟೆಗೆ ಬಂದದ್ದು ಅದೇ ಗಾಡಿಯಲ್ಲಿ. ಅವರು ಇವತ್ತಿಗೂ ಅದನ್ನು "ಛೋಟಿ ಗಾಡಿ" ಅನ್ನುತ್ತಾರೆ. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಣ್ಣಿಗೆ ಇದ್ದಿಲ ಪುಡಿ ಬೀಳುತ್ತಿತ್ತಂತೆ. ಕೃಷ್ಣಾ ನದಿಯ ಸೇತುವೆ ಬಂದಾಗ ಡಬ್ಬಿಯಲ್ಲಿದ್ದ ಎಲ್ಲರೂ, ಹಿಂದೂ ಮುಸ್ಲಿಂ ಎನ್ನದೆ, ಹೊಳೆಗೆ ಒಂದೊಂದು ಚಿಲ್ಲರೆ ಕಾಸು ಒಗೆಯುತ್ತಿದ್ದರಂತೆ. ತಮ್ಮ ಟ್ರಂಕು ಎಲ್ಲಿಟ್ಟಿದ್ದರು, ಪಕ್ಕದಲ್ಲಿ ಯಾರು ಕೂತಿದ್ದರು, ಯಾವ ನಿಲ್ದಾಣದಲ್ಲಿ ನೀರು ಸಿಹಿ ಇತ್ತು, ಎಲ್ಲವನ್ನೂ ಹೇಳುತ್ತಾರೆ. ಇದು ಯಾವ ರೈಲ್ವೆ ಕಡತದಲ್ಲೂ ಸಿಗುವುದಿಲ್ಲ.

ನಮ್ಮ ಮಾಮುವಿನ ಓಣಿಯಲ್ಲಿ ಒಬ್ಬ ನಿವೃತ್ತ ಪಾಯಿಂಟ್ಸ್‌ಮನ್ ಇದ್ದಾರೆ. ಓಣಿಯವರಿಗೆಲ್ಲ ಅವರು ಚಾಚಾ. ಕಳೆದ ರಜೆಯಲ್ಲಿ ಅವರ ಹತ್ತಿರ ಕೂತು ಟೋಕನ್ ಬಗ್ಗೆ ಕೇಳಿದೆ. ಒಂಟಿ ಹಳಿಯಲ್ಲಿ ಎದುರುಬದುರು ಎರಡು ಗಾಡಿ ಬಂದರೆ ಗತಿ ಏನು? ಅದಕ್ಕೇ ಟೋಕನ್. ಎರಡು ನಿಲ್ದಾಣಗಳ ನಡುವಿನ ಹಳಿಗೆ ಒಂದು ಹೊತ್ತಿನಲ್ಲಿ ಒಂದೇ ಟೋಕನ್ ಹೊರಗೆ ಬರುತ್ತದೆ. ಎರಡೂ ಕಡೆಯ ಸ್ಟೇಷನ್ ಮಾಸ್ತರರು ಒಪ್ಪಿದರೆ ಮಾತ್ರ ಯಂತ್ರದಿಂದ ಆ ಲೋಹದ ಗುಂಡು ಈಚೆ ಬೀಳುತ್ತದೆ. ಅದನ್ನು ಚೀಲದಲ್ಲಿ ಹಾಕಿ, ಚೀಲವನ್ನು ದೊಡ್ಡ ಬಳೆಯಂಥ ರಿಂಗಿಗೆ ಕಟ್ಟಿ, ಪಾಯಿಂಟ್ಸ್‌ಮನ್ ಪ್ಲಾಟ್‌ಫಾರ್ಮಿನ ಮೇಲೆ ಎತ್ತಿ ಹಿಡಿದು ನಿಲ್ಲಬೇಕು. ನಿಲ್ಲದೆ ಹೋಗುವ ಗಾಡಿಯಾದರೆ ಎಂಜಿನ್ನಿನವರು ಹಳೆಯ ರಿಂಗನ್ನು ಕೆಳಗೆ ಒಗೆದು, ಹೊಸದನ್ನು ತೋಳಿನಲ್ಲಿ ಸಿಕ್ಕಿಸಿಕೊಂಡು ಹೋಗುತ್ತಾರೆ.

"ಟೋಕನ್ ಕೈಯಾಗ ಇದ್ರ ಮುಂದಿನ ಸ್ಟೇಷನ್ ತನಕ ಹಳಿ ಡ್ರೈವರಂದು. ಇಲ್ಲಂದ್ರ ಒಂದು ಗಜನೂ ಅವಂದಲ್ಲ" ಎಂದರು ಚಾಚಾ. ಮಳೆಗಾಲದ ರಾತ್ರಿ, ಒಂದು ಕೈಯಲ್ಲಿ ಸೀಮೆಎಣ್ಣೆ ದೀಪ, ಇನ್ನೊಂದರಲ್ಲಿ ರಿಂಗು. ಗಾಡಿ ಬರುವಾಗ ಎಷ್ಟು ದೂರದಲ್ಲಿ ನಿಲ್ಲಬೇಕು, ತೋಳನ್ನು ಎಷ್ಟು ಸಡಿಲ ಬಿಡಬೇಕು ಎಂದು ಎದ್ದು ನಿಂತೇ ತೋರಿಸಿದರು. ಗಟ್ಟಿಯಾಗಿ ಹಿಡಿದರೆ ಭುಜವೇ ಕಿತ್ತು ಬರುತ್ತದಂತೆ. ಕೊನೆಗೆ ಒಂದು ಮಾತು ಹೇಳಿದರು: "ಇತ್ತೇ ಸಾಲ್ ಮೇ ಕೋಯಿ ನೈ ಪೂಚೇ ಬೇಟಾ." ಇಷ್ಟು ವರ್ಷಗಳಲ್ಲಿ ಯಾರೂ ಕೇಳಲಿಲ್ಲ ಎಂದು. ಆ ಮಾತೇ ನನ್ನನ್ನು ಈ ಲೇಖನ ಬರೆಯಲು ಕೂರಿಸಿತು.

ನಾನು ವಾಣಿಜ್ಯ ವಿದ್ಯಾರ್ಥಿ. ಲೆಕ್ಕಶಾಸ್ತ್ರದಲ್ಲಿ ನಮಗೆ ಸವಕಳಿ ಎಂಬ ಪಾಠವಿದೆ. ಒಂದು ಯಂತ್ರವನ್ನು ಕೊಂಡರೆ ಪ್ರತಿ ವರ್ಷ ಅದರ ಬೆಲೆಯಲ್ಲಿ ಇಷ್ಟು ಭಾಗ ಕಳೆಯುತ್ತಾ ಹೋಗಬೇಕು. ಬಾಳಿಕೆ ಮುಗಿದ ದಿನ ಪುಸ್ತಕದಲ್ಲಿ ಉಳಿಯುವುದು ಗುಜರಿ ಬೆಲೆ ಮಾತ್ರ. ಲೆಕ್ಕಕ್ಕೆ ಅದು ಸರಿಯೇ. ರೈಲ್ವೆ ಇಲಾಖೆ ಕಿತ್ತ ಹಳಿಯನ್ನು, ಹಳೆಯ ಡಬ್ಬಿಯನ್ನು ಹರಾಜು ಹಾಕುವುದು ತಪ್ಪಲ್ಲ. ಅದು ಸಾರ್ವಜನಿಕರ ಹಣ, ವಸೂಲಾಗಲೇಬೇಕು. ಆದರೆ ಸವಕಳಿಯ ಕೋಷ್ಟಕದಲ್ಲಿ ಒಂದು ವಿಷಯಕ್ಕೆ ಕಾಲಂ ಇಲ್ಲ. ಎಲ್ಲ ಕಡೆ ಇದ್ದಾಗ ಬೆಲೆ ಇಲ್ಲದ ವಸ್ತು, ಒಂದೇ ಉಳಿದಾಗ ಬೆಲೆಯುಳ್ಳದ್ದಾಗುತ್ತದೆ. ನೂರು ದೀಪಗಳಿದ್ದಾಗ ಒಂದು ದೀಪ ಕಿಲೋ ಲೆಕ್ಕದ ಕಬ್ಬಿಣ. ತೊಂಬತ್ತೊಂಬತ್ತು ಕರಗಿದ ಮೇಲೆ ಉಳಿದ ಒಂದೇ ದೀಪ ದಾಖಲೆ. ತಾಪತ್ರಯ ಏನೆಂದರೆ, ನಮಗೆ ಇದು ಗೊತ್ತಾಗುವ ಹೊತ್ತಿಗೆ ಆ ಒಂದೂ ಉಳಿದಿರುವುದಿಲ್ಲ.

ಚಾಚಾನ ತೋಳಿಗಂತೂ ಗುಜರಿ ಬೆಲೆಯೂ ಇಲ್ಲ. ನಾನು ಇಲಕಲ್ಲಿನವನು, ಆದ್ದರಿಂದ ಸೀರೆಯ ಉದಾಹರಣೆ ಕೊಡುತ್ತೇನೆ. ಇಲಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಸೀರೆಯನ್ನು ಪೆಟ್ಟಿಗೆಯಲ್ಲಿ ನೂರು ವರ್ಷ ಇಡಬಹುದು. ಆದರೆ ಕೊಂಡಿ ಹಾಕುವ ಬೆರಳು ಹೋದರೆ, ಸೀರೆ ನೋಡಿ ಆ ಕೆಲಸ ಕಲಿಯಲು ಆಗುವುದಿಲ್ಲ. ಟೋಕನ್ ರಿಂಗೂ ಹಾಗೆಯೇ. ರಿಂಗನ್ನು ಗಾಜಿನ ಕಪಾಟಿನಲ್ಲಿಟ್ಟರೆ ಅದು ಬರೀ ರಿಂಗು. ಅದನ್ನು ಹಿಡಿದವರ ಮಾತೂ ಜೊತೆಗಿದ್ದರೆ ಮಾತ್ರ ಅರ್ಥ.

ಇದೇನು ಹೊಸ ಹುಚ್ಚಲ್ಲ. ಪ್ರಪಂಚದ ಹಲವು ಕಡೆ ಸಾಮಾನ್ಯ ಜನ ಸೇರಿ ಇಂಥ ಕೆಲಸ ಮಾಡಿದ್ದಾರೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಟಾಲಿಲಿನ್ ಎಂಬ ಸಣ್ಣ ರೈಲು ಮಾರ್ಗವಿದೆ. ಗಣಿಯಿಂದ ಸ್ಲೇಟು ಕಲ್ಲು ಸಾಗಿಸಲು ಹಾಕಿದ್ದು. 1950ರಲ್ಲಿ ಅದರ ಮಾಲೀಕರು ತೀರಿಕೊಂಡಾಗ ಮಾರ್ಗ ಮುಚ್ಚುವ ಸ್ಥಿತಿಗೆ ಬಂತು. ಆಗ ಕೆಲವು ಆಸಕ್ತರು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸಭೆ ಸೇರಿ ಸಂಘ ಕಟ್ಟಿದರು. 1951ರಲ್ಲಿ ಸ್ವಯಂಸೇವಕರೇ ಗಾಡಿ ಓಡಿಸಿದರು. ಸ್ವಯಂಸೇವಕರು ಉಳಿಸಿಕೊಂಡ ಪ್ರಪಂಚದ ಮೊದಲ ರೈಲು ಮಾರ್ಗ ಅದು, ಇವತ್ತಿಗೂ ಓಡುತ್ತಿದೆ.

ನಮ್ಮ ದೇಶದಲ್ಲೂ ಉದಾಹರಣೆಗಳಿವೆ. 1989ರಲ್ಲಿ ಅಮೆರಿಕದಲ್ಲಿದ್ದ ಕೆಲವು ಭಾರತೀಯರು ಇಂಡಿಯನ್ ರೈಲ್ವೇಸ್ ಫ್ಯಾನ್ ಕ್ಲಬ್ ಶುರು ಮಾಡಿದರು. ಎಂಜಿನ್ನುಗಳ ಪಟ್ಟಿ, ಸಿಗ್ನಲ್ ಪದ್ಧತಿ, ಹಳೆಯ ಫೋಟೊಗಳು, ಹೀಗೆ ಅವರು ಕೂಡಿಹಾಕಿದ ಮಾಹಿತಿ ಬಹಳ. ಅದರ ಸದಸ್ಯರು ನಮ್ಮ ದೇಶದ ಬೇರೆ ಬೇರೆ ಊರುಗಳಲ್ಲಿ ಸಮಾವೇಶಗಳಲ್ಲಿ ಸೇರುತ್ತಾರೆ. 1999ರಲ್ಲಿ ಇಂಡಿಯನ್ ಸ್ಟೀಮ್ ರೈಲ್ವೆ ಸೊಸೈಟಿ ಹುಟ್ಟಿತು, ಉಗಿ ಎಂಜಿನ್ನುಗಳನ್ನು ಉಳಿಸುವುದು ಅದರ ಗುರಿ. ನೀಲಗಿರಿಯಲ್ಲಿ ಹೆರಿಟೇಜ್ ಸ್ಟೀಮ್ ಚಾರಿಯಟ್ ಟ್ರಸ್ಟ್ ಎಂಬ ನಾಗರಿಕರ ಸಂಸ್ಥೆ ಅಲ್ಲಿನ ಬೆಟ್ಟದ ರೈಲಿನ ಪರವಾಗಿ ದನಿ ಎತ್ತುತ್ತಾ ಬಂದಿದೆ. ಆ ರೈಲು 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಡಾರ್ಜಿಲಿಂಗ್ ರೈಲು ಅದಕ್ಕೂ ಮೊದಲೇ, 1999ರಲ್ಲಿ ಸೇರಿತ್ತು.

ಕರ್ನಾಟಕದಲ್ಲಿ ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಲ್ಲಿ ಆರಂಭವಾಯಿತು. ದೆಹಲಿಯದು 1977ರದ್ದು, ಅದರ ನಂತರ ಮೈಸೂರೇ. ಅಲ್ಲಿ 1899ರ ಮಹಾರಾಣಿಯವರ ಡಬ್ಬಿ ಇದೆ, ಅದರೊಳಗೆ ಅಡುಗೆಮನೆಯೂ ಇದೆ. ನಮಗೆ ಹತ್ತಿರದ್ದು ಹುಬ್ಬಳ್ಳಿ. 2020ರಲ್ಲಿ ಹುಬ್ಬಳ್ಳಿ ನಿಲ್ದಾಣದ ಪಕ್ಕದಲ್ಲೇ ಉತ್ತರ ಕರ್ನಾಟಕದ ಮೊದಲ ರೈಲು ಮ್ಯೂಸಿಯಂ ತೆರೆಯಿತು. ಅಲ್ಲಿನ ಎರಡು ಹಳೆಯ ಮನೆಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ಹೆಸರು. ಎರಡೂ ನಮ್ಮ ಜಿಲ್ಲೆಯಲ್ಲಿ ಹರಿದು ಕೃಷ್ಣೆಯನ್ನು ಸೇರುವ ಹೊಳೆಗಳು. ನಮ್ಮ ಹೊಳೆಗಳ ಹೆಸರು ಹುಬ್ಬಳ್ಳಿಗೆ ಹೋಗಿ ಮುಟ್ಟಿದೆ, ನಮ್ಮ ಹಿರಿಯರ ಮಾತು ಇನ್ನೂ ಮುಟ್ಟಿಲ್ಲ.

ಈ ಸಂಘಗಳನ್ನೆಲ್ಲ ನೋಡಿದರೆ ಒಂದು ವಿಷಯ ಸ್ಪಷ್ಟ. ಎಂಜಿನ್ ಕೊಳ್ಳುವುದು, ಓಡಿಸುವುದು ಕೊನೆಯ ಮೆಟ್ಟಿಲು. ಮೊದಲ ಮೆಟ್ಟಿಲು ಪಟ್ಟಿ ಮಾಡುವುದು. ಎಲ್ಲಿ ಏನಿದೆ, ಯಾರಿಗೆ ಏನು ಗೊತ್ತು ಎಂದು ಬರೆಯುವುದು. ಅದಕ್ಕೆ ಕೋಟಿ ರೂಪಾಯಿ ಬೇಡ. ನೋಟ್‌ಬುಕ್ಕು, ಮೊಬೈಲು, ಸ್ವಲ್ಪ ತಾಳ್ಮೆ ಸಾಕು.

ಈಗ ವಿರೋಧದ ಮಾತುಗಳಿಗೆ ಬರೋಣ. ಈ ವಿಷಯವನ್ನು ಗೆಳೆಯರ ಮುಂದೆ ಇಟ್ಟಾಗ ನಾಲ್ಕು ಆಕ್ಷೇಪಗಳು ಬಂದವು. ನಾಲ್ಕೂ ತಳ್ಳಿಹಾಕುವಂಥವಲ್ಲ.

ಮೊದಲನೆಯದು ನಮ್ಮ ಊರಿನವರದೇ. "ಇಲಕಲ್ಲಿಗೆ ರೈಲೇ ಇಲ್ಲ, ಹುನಗುಂದಕ್ಕೂ ಇಲ್ಲ. ಹೊಸದು ಕೇಳೂದು ಬಿಟ್ಟು ಹಳೇದು ಹಿಡ್ಕೊಂಡು ಕುಂದ್ರೂದೇನು?" ಇದರಲ್ಲಿ ನೋವಿದೆ, ನ್ಯಾಯವೂ ಇದೆ. ಸೀರೆಯ ಗಂಟನ್ನು ಬಸ್ಸಿನ ಮೇಲೆ, ಟೆಂಪೊದಲ್ಲಿ ಹೇರಿ ಕಳಿಸುವವರಿಗೆ ಅದು ಗೊತ್ತು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದಾಗ ಇಲಕಲ್ಲಿನವರು ತಮ್ಮೂರಿಗೇ ಬಂದಷ್ಟು ಸಂತೋಷಪಟ್ಟರು, ಈಗ ನಮಗೆ ಅದೇ ಹತ್ತಿರದ ನಿಲ್ದಾಣ. ಆದರೆ ಹೊಸ ಮಾರ್ಗ ಕೇಳುವವರಿಗೂ ಇತಿಹಾಸ ಬೇಕು. ಹಳಿ ಬಂದ ಊರು ಹೇಗೆ ಬೆಳೆಯಿತು, ಹಳಿ ತಪ್ಪಿದ ಊರು ಏನು ಕಳೆದುಕೊಂಡಿತು ಎಂಬುದಕ್ಕೆ ಕಲಾದಗಿಗಿಂತ ದೊಡ್ಡ ಸಾಕ್ಷಿ ಬೇಕೆ? ಬೇಡಿಕೆಯ ಮನವಿಪತ್ರದ ಜೊತೆ ಇಂಥ ದಾಖಲೆ ಇಟ್ಟರೆ ಮನವಿಗೆ ತೂಕ ಬರುತ್ತದೆ. ಎರಡೂ ಒಂದೇ ಕೆಲಸದ ಎರಡು ಕೈ.

ಎರಡನೆಯದು: "ಇದು ಬ್ರಿಟಿಷರು ತಮ್ಮ ಲಾಭಕ್ಕೆ ಹಾಕಿದ ಹಳಿ. ಅದಕ್ಯಾಕೆ ಇಷ್ಟು ಪ್ರೀತಿ?" ನಿಜ. ಆ ಕಾಲದ ಕಂಪನಿಗಳಿಗೆ ಲಾಭ ಆಗಲಿ ಬಿಡಲಿ, ಷೇರುದಾರರಿಗೆ ಇಷ್ಟು ಬಡ್ಡಿ ಎಂದು ಸರ್ಕಾರವೇ ಖಾತರಿ ಕೊಡುತ್ತಿತ್ತು. ಆ ಹಣ ಬಂದದ್ದು ನಮ್ಮ ರೈತರ ಕಂದಾಯದಿಂದ. ನಮ್ಮ ಹತ್ತಿ ಹೊರಗೆ ಹೋದದ್ದೂ ಇದೇ ದಾರಿಯಲ್ಲಿ. ಹಾಗಾದರೆ ಹಳಿಗೆ ದುಡ್ಡು ಕೊಟ್ಟವರು ನಾವು, ಮಣ್ಣು ಹೊತ್ತವರು ನಾವು, ಎಂಜಿನ್ನಿಗೆ ಇದ್ದಿಲು ತುಂಬಿದವರೂ ನಾವು. ಇದು ಅವರ ಇತಿಹಾಸ ಎಂದು ಬಿಟ್ಟರೆ ದುಡಿದವರನ್ನು ಎರಡನೇ ಸಲ ಮರೆತಂತೆ. ಬಳಗದ ಕೆಲಸ ಕಂಪನಿಯನ್ನು ಹೊಗಳುವುದಲ್ಲ, ಆ ಲೆಕ್ಕವನ್ನೂ ಬರೆಯುವುದು.

ಮೂರನೆಯದು: "ಬಾದಾಮಿ, ಐಹೊಳೆ, ಪಟ್ಟದಕಲ್ಲು ಇರುವ ಜಿಲ್ಲೆಯಲ್ಲಿ ಹಳೆಯ ಸಿಗ್ನಲ್ ಕಂಬವನ್ನು ಯಾರು ನೋಡುತ್ತಾರೆ?" ಚಾಲುಕ್ಯರ ಗುಡಿಗಳ ಮುಂದೆ ಸಿಗ್ನಲ್ ಕಂಬ ಸಣ್ಣದೇ, ಒಪ್ಪುತ್ತೇನೆ. ಆದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಸ್ಮಾರಕಕ್ಕೆ ಇಟ್ಟಿರುವ ವಯಸ್ಸು ನೂರು ವರ್ಷ. ನಮ್ಮ ಮಾರ್ಗ ಅದನ್ನು ಯಾವಾಗಲೋ ದಾಟಿದೆ. ವಯಸ್ಸಾದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ, ಕೇಳುವವರು ಬೇಕು. ಬಾದಾಮಿಯ ಗುಹೆ ನೋಡಲು ಎಷ್ಟೋ ಜನ ಇಳಿದದ್ದು ಊರಿಂದ ಐದು ಕಿಲೋಮೀಟರ್ ದೂರದ ಆ ರೈಲು ನಿಲ್ದಾಣದಲ್ಲೇ. ಗುಹೆ ತೋರಿಸುವವರಿಗೆ ನಿಲ್ದಾಣದ ಕಥೆಯೂ ಗೊತ್ತಿದ್ದರೆ ಪ್ರವಾಸಿಗರು ಇನ್ನೊಂದು ಗಳಿಗೆ ನಿಲ್ಲುತ್ತಾರೆ. ಆ ಒಂದು ಗಳಿಗೆಯಲ್ಲಿ ಚಹಾದಂಗಡಿಯವನಿಗೂ ವ್ಯಾಪಾರವಿದೆ, ಆಟೊದವನಿಗೂ ಇದೆ.

ನಾಲ್ಕನೆಯದು ಮನೆಯವರದು: "ಪರೀಕ್ಷೆ ಹತ್ತಿರ ಬಂತು, ಇದೆಲ್ಲ ಯಾಕೆ?" ಇದಕ್ಕೆ ನನ್ನ ಉತ್ತರ ಸರಳ. ತಿಂಗಳಿಗೆ ಎರಡು ಭಾನುವಾರ, ಎರಡೆರಡು ತಾಸು. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಕೆಲಸ ಬಂದ್. ದ್ವಿತೀಯ ವರ್ಷದವರು ಶುರು ಮಾಡಿ ಪ್ರಥಮ ವರ್ಷದವರ ಕೈಗೆ ಕೊಡಬೇಕು, ಟೋಕನ್ ಕೊಟ್ಟಂತೆ.

ಒಂದು ಮಾತನ್ನು ನಾನೇ ಸೇರಿಸುತ್ತೇನೆ. ರೈಲಿನ ಮೇಲಿನ ಪ್ರೀತಿ ಎಂದರೆ ಹಳಿಯ ಮೇಲೆ ನಿಂತು ವಿಡಿಯೊ ಮಾಡುವುದಲ್ಲ. ಅನುಮತಿ ಇಲ್ಲದೆ ಹಳಿ ಮೇಲೆ ಹೋಗುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ. ಈಗಿನ ವಿದ್ಯುತ್ ಎಂಜಿನ್ ಉಗಿಬಂಡಿಯಂತೆ ದೂರದಿಂದ ಸದ್ದು ಮಾಡಿ ಬರುವುದಿಲ್ಲ. ಮೇಲಿನ ತಂತಿಯಲ್ಲಿ 25 ಸಾವಿರ ವೋಲ್ಟ್ ಹರಿಯುತ್ತದೆ. ಆದ್ದರಿಂದ ಬಳಗದ ಮೊದಲ ನಿಯಮ: ಹಳಿಗೆ ಇಳಿಯುವಂತಿಲ್ಲ, ರೈಲ್ವೆಯ ಒಂದು ಮೊಳೆಯನ್ನೂ ಮನೆಗೆ ತರುವಂತಿಲ್ಲ. ಬಿದ್ದಿದ್ದರೂ ಅದು ನಮ್ಮದಲ್ಲ. ನಮ್ಮ ಕೆಲಸ ನಡೆಯುವುದು ಪ್ಲಾಟ್‌ಫಾರ್ಮಿನ ಮೇಲೆ, ಓಣಿಗಳಲ್ಲಿ, ಮನೆಯ ಕಟ್ಟೆಗಳ ಮೇಲೆ.

ಇನ್ನು ಮಾಡಬೇಕಾದ್ದು ಏನು? ನನ್ನ ಸಲಹೆ ಇಷ್ಟು. ಒಂದು, ಈ ವರ್ಷದೊಳಗೆ 20 ಜನ ಹಿರಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಕನ್ನಡದಲ್ಲಿ ಬರೆದಿಡುವುದು. ಗ್ಯಾಂಗ್‌ಮನ್, ಗೇಟ್‌ಮನ್, ಪಾಯಿಂಟ್ಸ್‌ಮನ್, ಗಾರ್ಡ್, ಹಮಾಲರು, ನಿಲ್ದಾಣದಲ್ಲಿ ಚಹಾ ಮಾರಿದವರು ಎಲ್ಲರೂ ಇರಲಿ. ಅರ್ಧದಷ್ಟು ಹೆಂಗಸರಿರಲಿ, ಏಕೆಂದರೆ ಡಬ್ಬಿಯೊಳಗಿನ ಕಥೆ ಅವರಿಗೇ ಹೆಚ್ಚು ಗೊತ್ತು. ಎರಡು, ಮನೆಗಳಲ್ಲಿರುವ ಹಳೆಯ ಟಿಕೆಟ್ಟು, ಪಾಸು, ಫೋಟೊ, ಬ್ಯಾಡ್ಜುಗಳ ಚಿತ್ರ ತೆಗೆದು ಪಟ್ಟಿ ಮಾಡುವುದು. ವಸ್ತು ಮನೆಯವರ ಹತ್ತಿರವೇ ಇರಲಿ. ಮೂರು, ಬಾಗಲಕೋಟೆ, ಗುಳೇದಗುಡ್ಡ ರೋಡ್, ಬಾದಾಮಿ, ಹೊಳೆಆಲೂರು ನಿಲ್ದಾಣಗಳಲ್ಲಿ ಮಾಸ್ತರರ ಅನುಮತಿ ಪಡೆದು, ಉಳಿದಿರುವ ಹಳೆಯ ಕಟ್ಟಡ, ಕಲ್ಲು, ಫಲಕಗಳನ್ನು ಗುರುತಿಸುವುದು. ನಾಲ್ಕು, ಒಂದು ದಿನ ಹುಬ್ಬಳ್ಳಿ ಮ್ಯೂಸಿಯಂಗೆ ರೈಲಿನಲ್ಲೇ ಹೋಗಿಬರುವುದು. ಐದು, ವರ್ಷದ ಕೊನೆಗೆ ರೈಲ್ವೆ ವಿಭಾಗೀಯ ಅಧಿಕಾರಿಗಳಿಗೆ ಪತ್ರ ಬರೆದು, ಬಾಗಲಕೋಟೆ ನಿಲ್ದಾಣದಲ್ಲಿ ಒಂದು ಗಾಜಿನ ಕಪಾಟಿಗೆ ಜಾಗ ಕೇಳುವುದು. ಹೊಸ ಕಟ್ಟಡ ಕಟ್ಟಿದವರಿಗೆ ಒಂದು ಕಪಾಟು ಭಾರವಾಗಲಾರದು.

ಖರ್ಚಿನ ಲೆಕ್ಕವನ್ನೂ ಹಾಕಿದ್ದೇನೆ. ವಾಣಿಜ್ಯದವರು ಲೆಕ್ಕವಿಲ್ಲದೆ ಮಾತಾಡಬಾರದು. 30 ಸದಸ್ಯರು, ತಲಾ 100 ರೂಪಾಯಿ, ಒಟ್ಟು 3,000. ಅದರಲ್ಲಿ ರಿಜಿಸ್ಟರಿಗೆ 300, ಫೋಟೊ ಮುದ್ರಣಕ್ಕೆ 1,200, ಎರಡು ಪೆನ್ ಡ್ರೈವಿಗೆ 800, ಹಿರಿಯರ ಮನೆಗೆ ಹೋಗುವಾಗ ಹಣ್ಣು ಬಿಸ್ಕತ್ತಿಗೆ 500, ಅಂಚೆಗೆ 200. ಹುಬ್ಬಳ್ಳಿ ಪ್ರಯಾಣದ ಟಿಕೆಟ್ಟು ಅವರವರದು. ಎರಡು ಪೆನ್ ಡ್ರೈವ್ ಏಕೆಂದರೆ, ಒಂದು ಗ್ರಂಥಾಲಯದಲ್ಲಿ, ಇನ್ನೊಂದು ಇತಿಹಾಸ ವಿಭಾಗದಲ್ಲಿ. ಒಂದೇ ಕಡೆ ಇಟ್ಟ ದಾಖಲೆ ಒಂದೇ ದಿನದಲ್ಲಿ ಕಳೆಯಬಹುದು.

ನಮ್ಮ ಕಾಲೇಜೇ ಏಕೆ ಎಂದು ಕೇಳಬಹುದು. ಅದಕ್ಕೊಂದು ಕಾರಣವಿದೆ. ರೈಲ್ವೆಯ ಕೆಲಸಗಾರರ ಮಾತು ಒಂದೇ ಭಾಷೆಯಲ್ಲಿಲ್ಲ. ಕನ್ನಡ, ಮರಾಠಿ, ತೆಲುಗು, ನಮ್ಮ ಮನೆಯ ಉರ್ದು ಎಲ್ಲವೂ ಅಲ್ಲಿ ಬೆರೆತಿವೆ. ಚಾಚಾನಂಥವರು ಮನಸ್ಸು ಬಿಚ್ಚಿ ಮಾತಾಡುವುದು ಮನೆಮಾತಿನಲ್ಲಿ. ಹೊರಗಿನಿಂದ ಬಂದ ಸಂಶೋಧಕರಿಗೆ ಅವರು "ಹೌದ್ರೀ, ಚಲೋ ಇತ್ರೀ" ಎಂದು ಹೇಳಿ ಸುಮ್ಮನಾಗುತ್ತಾರೆ. ನಮ್ಮಲ್ಲಿ ಅರ್ಧ ಜನ ಮನೆಯಲ್ಲಿ ಉರ್ದು ಕೇಳಿ, ಶಾಲೆಯಲ್ಲಿ ಕನ್ನಡ ಬರೆದು ಬೆಳೆದವರು. ಒಂದು ಕಿವಿ ಅಲ್ಲಿ, ಒಂದು ಕೈ ಇಲ್ಲಿ. ಉರ್ದು ಮನೆಯ ಹುಡುಗ ಹುಡುಗಿಯರು ಕೇಳಿ ಹೇಳಲಿ, ಕನ್ನಡ ಮನೆಯ ಗೆಳೆಯರು ತಿದ್ದಿ ಬರೆಯಲಿ. ಕನ್ನಡ ಮನೆಯ ಅಜ್ಜಂದಿರ ಬಳಿ ನಾವೂ ಹೋಗಿ ಕೂರೋಣ. ಈ ಕೆಲಸ ನಮ್ಮಷ್ಟು ಸಲೀಸಾಗಿ ಮಾಡಬಲ್ಲವರು ಕಡಿಮೆ.

ಬಾಗಲಕೋಟೆಯವರಿಗೆ ಕಳೆದುಕೊಳ್ಳುವುದು ಎಂದರೇನು ಎಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಓಣಿಗಳು ಹೋದವು, ಜನ ನವನಗರಕ್ಕೆ ಬಂದರು. ಅಲ್ಲಿನ ಮನೆ, ಅಂಗಡಿ, ಗಿಡ ಎಲ್ಲಕ್ಕೂ ಅಳತೆ ಹಾಕಿ ಪರಿಹಾರದ ಕಡತ ಬರೆದರು. ಆ ಓಣಿಗಳ ಕಥೆ ಬರೆದವರು ಎಷ್ಟು ಜನ? ಈಗ ಹಿರಿಯರು ಕೂತು ಹೇಳುವಾಗ ನಾವು ಹೂಂಗುಟ್ಟುತ್ತೇವೆ, ಅಷ್ಟೇ. ಹಳಿಯ ವಿಷಯದಲ್ಲಾದರೂ ಹೂಂಗುಟ್ಟುವುದರ ಜೊತೆ ಪೆನ್ನು ಹಿಡಿಯೋಣ.

ಚಾಚಾಗೆ ಈಗ ಕಿವಿ ಸ್ವಲ್ಪ ಮಂದ. ಅವರ ಜೊತೆ ಕೆಲಸ ಮಾಡಿದ ಗೆಳೆಯರಲ್ಲಿ ಇಬ್ಬರು ಮಾತ್ರ ಊರಲ್ಲಿದ್ದಾರೆ, ಒಬ್ಬರು ಹಾಸಿಗೆ ಹಿಡಿದಿದ್ದಾರೆ. ಇದು ಮುಂದಿನ ವರ್ಷಕ್ಕೆ ಮುಂದೂಡುವ ಕೆಲಸವಲ್ಲ. ಪ್ರಾಂಶುಪಾಲರಲ್ಲಿ ಮತ್ತು ಇತಿಹಾಸ ವಿಭಾಗದ ಗುರುಗಳಲ್ಲಿ ನನ್ನ ವಿನಂತಿ: ಈ ತಿಂಗಳೊಳಗೆ ಒಂದು ಸಭೆ ಕರೆಯಿರಿ, ಒಬ್ಬ ಉಪನ್ಯಾಸಕರನ್ನು ಮಾರ್ಗದರ್ಶಕರಾಗಿ ಕೊಡಿ. ಗೆಳೆಯ ಗೆಳತಿಯರಲ್ಲಿ ನನ್ನ ವಿನಂತಿ ಇನ್ನೂ ಸಣ್ಣದು. ಇವತ್ತು ಮನೆಗೆ ಹೋದ ಮೇಲೆ ಅಜ್ಜನನ್ನೋ ನಾನಿಯನ್ನೋ ಒಂದೇ ಪ್ರಶ್ನೆ ಕೇಳಿ: "ನೀವು ಮೊದಲನೇ ಸಲ ರೈಲು ಹತ್ತಿದ್ದು ಯಾವಾಗ, ಎಲ್ಲಿ?" ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು, ಹೆಸರು, ಊರು, ಅಂದಾಜು ಇಸವಿ ಹಾಕಿ, ಈ ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಇಪ್ಪತ್ತು ಹಾಳೆ ಬಂದರೆ ಬಳಗ ಹುಟ್ಟಿತೆಂದೇ ಲೆಕ್ಕ.